ಕರೆಂಟ್ ಹೋಗಿ ಬಂದ ಮೇಲೆ ಪ್ಯಾನೆಲ್ ಮಾಯ, ಯಾವ ಸೆಟ್ಟಿಂಗೂ ಉಳಿಯುತ್ತಿಲ್ಲ (ಲಿನಕ್ಸ್ ಮಿಂಟ್ 21.3, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್)

ತೋಟದಮನೆ, ಶಿರಸಿ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಹುಲೇಕಲ್ ಕಡೆ ನಮ್ಮ ಮನೆ. ನಾಲ್ಕು ದಿನದಿಂದ ಜೋರು ಮಳೆ, ಕರೆಂಟ್ ಬಂದು ಹೋಗಿ ಮಾಡುತ್ತಿದೆ. ಯುಪಿಎಸ್ ಬ್ಯಾಟರಿ ಸತ್ತು ಎರಡು ತಿಂಗಳಾಯಿತು. ಗುರುವಾರ ಕೆಲಸ ಮಾಡುತ್ತಿದ್ದಾಗಲೇ ಕಂಪ್ಯೂಟರ್ ಆಫ್ ಆಯಿತು. ಮತ್ತೆ ಆನ್ ಮಾಡಿದರೆ ವಾಲ್‌ಪೇಪರ್ ಮಾತ್ರ ಇದೆ. ಕೆಳಗಿನ ಪಟ್ಟಿ, ಮೆನು, ಗಡಿಯಾರ ಒಂದೂ ಇಲ್ಲ.

ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಟರ್ಮಿನಲ್ ತೆಗೆದು ಪ್ಯಾನೆಲ್ ಶುರು ಮಾಡಿದರೆ ಬರುತ್ತದೆ. ಆದರೆ ಮರುದಿನ ಮತ್ತೆ ಇಲ್ಲ. ಕನ್ನಡ ಕೀಬೋರ್ಡ್ ಸೇರಿಸಿದರೂ ಅದೇ ಕಥೆ. ಇವತ್ತು ಹಾಕಿದ್ದು ನಾಳೆಗೆ ಇರುವುದಿಲ್ಲ. ಐಕಾನ್‌ಗಳೂ ಚೆಲ್ಲಾಪಿಲ್ಲಿಯಾಗಿವೆ.

ಇದರಲ್ಲೇ ಅಪ್ಪಯ್ಯನ ಅಡಿಕೆ ಲೆಕ್ಕ ಇದೆ. ಚಾಲಿ ಎಷ್ಟು ಹೋಯಿತು, ಕೊನೆಗೌಡರ ಕೂಲಿ, ಕೊಳೆ ಔಷಧಿ ಖರ್ಚು, ಎಲ್ಲ. ಮಗಳ ಶಾಲೆ ಕೆಲಸವೂ ಇದರಲ್ಲೇ. ಫಾರ್ಮ್ಯಾಟ್ ಮಾಡಿಸಿ ಎಂದು ಪೇಟೆಯ ಅಂಗಡಿಯಲ್ಲಿ ಹೇಳಿದರು. ನನಗೆ ಮನಸ್ಸಿಲ್ಲ. ಬೇರೆ ದಾರಿ ಇದೆಯಾ?

ಬೈತಖೋಲ್, ಕಾರವಾರ · ಭಾನುವಾರ ರಾತ್ರಿ

ಅಣ್ಣ, ಇದಕ್ಕೆ ಫಾರ್ಮ್ಯಾಟ್ ಬೇಡವೇ ಬೇಡ. ಎರಡು ಕಡೆ ನೋಡಿ.

ಒಂದು, ಲಾಗ್ ಔಟ್ ಮಾಡುವಾಗ ಬರುವ ಪೆಟ್ಟಿಗೆಯಲ್ಲಿ ಸೆಷನ್ ಉಳಿಸಿ ಎನ್ನುವುದಕ್ಕೆ ಟಿಕ್ ಇದ್ದರೆ ತೆಗೆಯಿರಿ. ಪ್ಯಾನೆಲ್ ಇಲ್ಲದ ಸ್ಥಿತಿಯನ್ನೇ ಅದು ನೆನಪಿಟ್ಟುಕೊಂಡರೆ ಪ್ರತಿ ಸಲ ಹಾಗೇ ಶುರುವಾಗುತ್ತದೆ.

ಇನ್ನೊಂದು, ಪ್ಯಾನೆಲ್ ಫೈಲ್ ಕೆಟ್ಟಿರಬಹುದು. ಹೋಮ್ ಫೋಲ್ಡರ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಅಡಗಿದ ಫೋಲ್ಡರ್‌ಗಳು ಕಾಣುತ್ತವೆ. ಚುಕ್ಕಿಯಿಂದ ಶುರುವಾಗುವ ಕಾನ್ಫಿಗ್, ಅದರೊಳಗೆ ಎಕ್ಸ್‌ಎಫ್‌ಸಿಇ4, ಅದರೊಳಗೆ ಎಕ್ಸ್‌ಎಫ್‌ಕಾನ್ಫ್, ಅದರೊಳಗೆ ಇನ್ನೊಂದು ಫೋಲ್ಡರ್. ಅಲ್ಲಿ ಪ್ಯಾನೆಲ್ ಹೆಸರಿನ ಫೈಲ್ ಅಳಿಸಿ ರೀಸ್ಟಾರ್ಟ್ ಮಾಡಿ.

ತೋಟದಮನೆ, ಶಿರಸಿ · ಸೋಮವಾರ ಬೆಳಿಗ್ಗೆ

ಟಿಕ್ ಇರಲಿಲ್ಲ. ಫೈಲ್ ಅಳಿಸಿದೆ ತಮ್ಮಾ, ರೀಸ್ಟಾರ್ಟ್ ಮಾಡಿ ನೋಡಿದರೆ ಅದೇ ಹೆಸರಿನ ಫೈಲ್ ಮತ್ತೆ ಬಂದು ಕೂತಿದೆ. ಅದರ ಗಾತ್ರ 0 ಬೈಟ್ ಎಂದು ತೋರಿಸುತ್ತಿದೆ. ಪ್ಯಾನೆಲ್ ಇಲ್ಲ.

ದಾಂಡೇಲಿ ರೈಲು · ಸೋಮವಾರ ಬೆಳಿಗ್ಗೆ

ಟೈಮ್‌ಶಿಫ್ಟ್ (ಸಿಸ್ಟಮ್‌ನ ಹಳೆಯ ಪ್ರತಿ ಇಟ್ಟುಕೊಳ್ಳುವ ಪ್ರೋಗ್ರಾಮ್) ಇದ್ದರೆ ಒಂದು ವಾರ ಹಿಂದಿನದಕ್ಕೆ ರೀಸ್ಟೋರ್ ಮಾಡಿಬಿಡಿ. ಹತ್ತು ನಿಮಿಷದ ಕೆಲಸ.

ಅಕ್ಕೋರು, ಕುಮಟಾ · ಸೋಮವಾರ ಮಧ್ಯಾಹ್ನ

ದಯವಿಟ್ಟು ಈಗಲೇ ರೀಸ್ಟೋರ್ ಮಾಡಬೇಡಿ. ಟೈಮ್‌ಶಿಫ್ಟ್‌ನಲ್ಲಿ ಮನೆಯವರ ಫೈಲ್‌ಗಳನ್ನೂ ಸೇರಿಸಿಟ್ಟಿದ್ದರೆ ಲೆಕ್ಕದ ಫೈಲೂ ಒಂದು ವಾರ ಹಿಂದಕ್ಕೆ ಹೋಗುತ್ತದೆ. ಈ ವಾರ ಬರೆದದ್ದು ಅಳಿಸಿಹೋಗುತ್ತದೆ. ಮೊದಲು ಲೆಕ್ಕದ ಫೈಲ್ ಪೆನ್‌ಡ್ರೈವ್‌ಗೆ ಹಾಕಿ, ಪೆನ್‌ಡ್ರೈವ್‌ನಿಂದಲೇ ತೆರೆದು ನೋಡಿ, ಆಮೇಲೆ ಉಳಿದದ್ದು.

ಆ 0 ಬೈಟ್ ಎಂಬ ಮಾತೇ ನನಗೆ ಮುಖ್ಯ ಅನಿಸಿತು. ಕರೆಂಟ್ ಹೋದದ್ದಕ್ಕೆ ಒಂದು ಫೈಲ್ ಒಮ್ಮೆ ಕೆಡಬಹುದು. ಹೊಸದಾಗಿ ಬರೆದ ಫೈಲೂ ಖಾಲಿಯಾಗಿದೆ, ಕೀಬೋರ್ಡೂ ಉಳಿಯುತ್ತಿಲ್ಲ ಅಂದರೆ ಬರೆಯಲು ಜಾಗವೇ ಇಲ್ಲದಿರಬಹುದು. ಫೈಲ್ ಮ್ಯಾನೇಜರ್ ತೆರೆದು ಕೆಳಗಿನ ಸಾಲಿನಲ್ಲಿ ಎಷ್ಟು ಜಾಗ ಖಾಲಿ ಇದೆ ಎಂದು ನೋಡಿ ಹೇಳಿ. ಈಚೆಗೆ ಏನಾದರೂ ಸೇವ್ ಮಾಡುವಾಗ ಎರರ್ ಬಂದಿತ್ತಾ?

ತೋಟದಮನೆ, ಶಿರಸಿ · ಸೋಮವಾರ ಸಂಜೆ

ಅಕ್ಕೋರೇ, ನೀವು ಹೇಳಿದ್ದು ಸರಿ. ಖಾಲಿ ಜಾಗ 0. ಡಿಸ್ಕ್ 120 ಜಿಬಿ ಎಸ್‌ಎಸ್‌ಡಿ. ಮಂಗಳವಾರ ಲಿಬ್ರೆಆಫೀಸ್‌ನಲ್ಲಿ ಒಮ್ಮೆ ಸೇವ್ ಆಗಲಿಲ್ಲ, ಎರಡನೇ ಸಲಕ್ಕೆ ಆಯಿತು, ನಾನು ಅಷ್ಟಕ್ಕೇ ಬಿಟ್ಟೆ. ಅಂದರೆ ಕರೆಂಟ್ ಹೋಗುವ ಮೊದಲೇ ಶುರುವಾಗಿತ್ತು ಅಲ್ವಾ?

ಲೆಕ್ಕದ ಫೈಲ್ ಪೆನ್‌ಡ್ರೈವ್‌ಗೆ ಹಾಕಿದ್ದೇನೆ, ತೆರೆದು ನೋಡಿದೆ, ಪೂರ್ತಿ ಇದೆ. ಆದರೆ ಇನ್ನೊಂದು ಅರ್ಥವಾಗುತ್ತಿಲ್ಲ. ಜಾಗ ಬೇಕೆಂದು ಯಕ್ಷಗಾನದ ವಿಡಿಯೋಗಳನ್ನೆಲ್ಲ ಅಳಿಸಿದೆ. ಸುಮಾರು 4 ಜಿಬಿ ಇತ್ತು. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಆದರೂ ಖಾಲಿ ಜಾಗ 0 ಅಂತಲೇ ತೋರಿಸುತ್ತಿದೆ.

ಟೈಮ್‌ಶಿಫ್ಟ್ ಇದೆ. ಲೆಕ್ಕ ಹೋಗಬಾರದು ಎಂದು ಅದರಲ್ಲಿ ಎಲ್ಲ ಫೈಲ್ ಸೇರಿಸಿ ಎನ್ನುವುದನ್ನು ನಾನೇ ಆರಿಸಿದ್ದೆ.

ಅಕ್ಕೋರು, ಕುಮಟಾ · ಸೋಮವಾರ ರಾತ್ರಿ

ಹಾಗಾದರೆ ಎಲ್ಲ ಹೊಂದಿಕೊಂಡಿತು. ಸ್ವಲ್ಪ ಉದ್ದ ಬರೆಯುತ್ತೇನೆ. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲೂ ಇದೇ ಆಗಿತ್ತು, ಗೊತ್ತಾಗಲು ನನಗೆ ಒಂದು ವಾರ ಬೇಕಾಯಿತು.

ಟೈಮ್‌ಶಿಫ್ಟ್ ಪ್ರತಿ ಸಲ ಎಲ್ಲವನ್ನೂ ಹೊಸದಾಗಿ ನಕಲು ಮಾಡುವುದಿಲ್ಲ. ಬದಲಾಗದ ಫೈಲ್‌ಗೆ ಹಿಂದಿನ ನಕಲಿನ ಜೊತೆ ಒಂದು ಕೊಂಡಿ ಹಾಕಿ ಜಾಗ ಉಳಿಸುತ್ತದೆ. ಒಂದು ಗದ್ದೆಗೆ ನಾಲ್ಕು ದಾರಿ ಇದ್ದ ಹಾಗೆ. ಒಂದು ದಾರಿ ಮುಚ್ಚಿದರೆ ಗದ್ದೆ ಇಲ್ಲವಾಗುವುದಿಲ್ಲ. ನೀವು ವಿಡಿಯೋ ಅಳಿಸಿದ್ದು ನಿಮ್ಮ ಫೋಲ್ಡರ್‌ನಲ್ಲಿ ಮಾತ್ರ. ಟೈಮ್‌ಶಿಫ್ಟ್‌ನ ಪ್ರತಿಗಳಲ್ಲಿ ಅದರ ಬೇರೆ ನಕಲು ಹಾಗೇ ಇದೆ. ಆ ವಿಡಿಯೋ ಇರುವ ಕೊನೆಯ ಪ್ರತಿ ಹೋಗುವ ತನಕ ಆ ನಕಲಿನ ಜಾಗ ವಾಪಸ್ ಬರುವುದಿಲ್ಲ.

ಡಿಸ್ಕ್ ತುಂಬಿದರೂ ಕಂಪ್ಯೂಟರ್ ಆನ್ ಆಗುತ್ತಿದೆಯಲ್ಲ ಎಂದು ಅನಿಸಬಹುದು. ಎಕ್ಸ್ಟ್4 ಎಂಬ ಫೈಲ್ ವ್ಯವಸ್ಥೆ ಸಾಮಾನ್ಯವಾಗಿ ಶೇಕಡಾ 5ರಷ್ಟು ಜಾಗವನ್ನು ಸಿಸ್ಟಮ್‌ಗೆ ಎಂದು ತೆಗೆದಿಡುತ್ತದೆ. ನಿಮಗೆ 0 ಆದಾಗಲೂ ಅದಕ್ಕೆ ಒಂದಷ್ಟು ಇರುತ್ತದೆ. ಟೈಮ್‌ಶಿಫ್ಟ್ ಸಿಸ್ಟಮ್ ಹಕ್ಕಿನಲ್ಲಿ ಓಡುವುದರಿಂದ ಅದರಲ್ಲೂ ತಿಂದಿರಬಹುದು, ನೀವು ವಿಡಿಯೋ ಅಳಿಸಿ ಬಂದ ಜಾಗ ಮೊದಲು ಅಲ್ಲಿಗೇ ಸೇರಿರಬಹುದು. ಅದಕ್ಕೇ ಎಲ್ಲ ಸರಿ ಇದ್ದಂತೆ ಕಾಣುತ್ತದೆ, ನಿಮ್ಮ ಸೆಟ್ಟಿಂಗ್ ಮಾತ್ರ ನಿಲ್ಲುವುದಿಲ್ಲ.

ಬೈತಖೋಲ್ ಅವರು ಹೇಳಿದ ಫೈಲ್ ಸರಿಯಾದದ್ದೇ. ಅಳಿಸುವ ಹೊತ್ತು ಮಾತ್ರ ಬೇರೆ ಬೇಕು. ನೀವು ಲಾಗಿನ್ ಆಗಿರುವಾಗ ಎಕ್ಸ್‌ಎಫ್‌ಕಾನ್ಫ್ ಎಂಬ ಹಿನ್ನೆಲೆಯ ಪ್ರೋಗ್ರಾಮ್ ಎಲ್ಲ ಸೆಟ್ಟಿಂಗನ್ನೂ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಫೈಲ್ ಅಳಿಸಿದರೂ ತನ್ನ ಹತ್ತಿರ ಇದ್ದದ್ದನ್ನು ಮತ್ತೆ ಬರೆಯುತ್ತದೆ. ಟರ್ಮಿನಲ್‌ನಿಂದ ಶುರು ಮಾಡಿದ ಪ್ಯಾನೆಲ್ ಆ ದಿನ ಪೂರ್ತಿ ಇದ್ದದ್ದೂ ಇದರಿಂದಲೇ.

ಈಗ ಹೀಗೆ ಮಾಡಿ. ಟೈಮ್‌ಶಿಫ್ಟ್ ತೆರೆದು ಹಳೆಯ ಪ್ರತಿಗಳನ್ನು ಒಂದೊಂದಾಗಿ ಅದರ ಡಿಲೀಟ್ ಬಟನ್‌ನಿಂದಲೇ ಅಳಿಸಿ. ಫೈಲ್ ಮ್ಯಾನೇಜರ್‌ನಲ್ಲಿ ಹೋಗಿ ಅಳಿಸಬೇಡಿ. ಕೊನೆಯ ಒಂದು ಪ್ರತಿ ಉಳಿಸಿಕೊಳ್ಳಿ. ಆಮೇಲೆ ಅದರ ಸೆಟ್ಟಿಂಗ್ಸ್‌ನಲ್ಲಿ ಯೂಸರ್ಸ್ ಎಂಬ ಕಡೆ ಎಲ್ಲವನ್ನೂ ಹೊರಗಿಡಿ ಎನ್ನುವುದನ್ನು ಆರಿಸಿ. ಟೈಮ್‌ಶಿಫ್ಟ್ ಇರುವುದು ಸಿಸ್ಟಮ್ ಕೆಟ್ಟರೆ ಸರಿಮಾಡಲು. ಅಡಿಕೆ ಲೆಕ್ಕ ಕಾಯುವುದು ಅದರ ಕೆಲಸವಲ್ಲ, ಅದೂ ಅದೇ ಡಿಸ್ಕ್‌ನಲ್ಲಿ ಇಟ್ಟುಕೊಂಡು. ಲೆಕ್ಕಕ್ಕೆ ಪೆನ್‌ಡ್ರೈವ್ ಇರಲಿ, ಅಥವಾ ಮಿಂಟ್‌ನಲ್ಲೇ ಬರುವ ಬ್ಯಾಕಪ್ ಟೂಲ್ ಬಳಸಿ.

ಜಾಗ ಆದ ಮೇಲೆ ಯೂಸರ್ಸ್ ಆ್ಯಂಡ್ ಗ್ರೂಪ್ಸ್‌ನಲ್ಲಿ ಹೊಸ ಯೂಸರ್ ಮಾಡಿ, ಅಡ್ಮಿನಿಸ್ಟ್ರೇಟರ್ ಎಂದು ಕೊಡಿ. ರೀಸ್ಟಾರ್ಟ್ ಮಾಡಿ ನೇರವಾಗಿ ಆ ಹೊಸ ಹೆಸರಿಗೆ ಲಾಗಿನ್ ಆಗಿ. ಸ್ವಿಚ್ ಯೂಸರ್ ಬೇಡ, ಹಳೆಯ ಲಾಗಿನ್ ಒಳಗೆ ಎಚ್ಚರವೇ ಇರುತ್ತದೆ. ಹೊಸ ಯೂಸರ್‌ನಲ್ಲಿ ಪ್ಯಾನೆಲ್ ಸರಿಯಾಗಿ ಬಂದರೆ ಸಿಸ್ಟಮ್ ಕೆಟ್ಟಿಲ್ಲ, ನಿಮ್ಮ ಸೆಟ್ಟಿಂಗ್ ಫೋಲ್ಡರ್ ಮಾತ್ರ ಕೆಟ್ಟಿದೆ ಎಂದು ಖಾತ್ರಿಯಾಗುತ್ತದೆ. ಅಲ್ಲಿಂದ ಹಳೆಯ ಹೋಮ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ಆ್ಯಸ್ ರೂಟ್ ಒತ್ತಿ. ಕಾನ್ಫಿಗ್ ಒಳಗಿನ ಎಕ್ಸ್‌ಎಫ್‌ಸಿಇ4 ಫೋಲ್ಡರ್‌ನ ಹೆಸರಿನ ಕೊನೆಗೆ 'ಹಳೆಯದು' ಎಂದು ಸೇರಿಸಿ. ಅಳಿಸಬೇಡಿ, ಹೆಸರು ಬದಲಿಸಿದರೆ ಸಾಕು. ಆ ಕಿಟಕಿಯಲ್ಲಿ ಹೊಸ ಫೋಲ್ಡರ್ ಮಾಡುವುದು, ಕಾಪಿ ಮಾಡುವುದು ಬೇಡ. ಅಲ್ಲಿ ಮಾಡಿದ್ದೆಲ್ಲ ರೂಟ್ (ಸಿಸ್ಟಮ್‌ನ ಮುಖ್ಯ ಯೂಸರ್) ಹೆಸರಿಗೆ ಹೋಗುತ್ತದೆ, ಆಮೇಲೆ ನಿಮಗೆ ಬರೆಯಲು ಆಗುವುದಿಲ್ಲ.

ವಾಲ್‌ಪೇಪರ್, ಶಾರ್ಟ್‌ಕಟ್ ಕೀ, ಥೀಮ್ ಹೊಸದಾಗಿ ಹಾಕಿಕೊಳ್ಳಬೇಕು. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಬೇರೆ ಜಾಗದಲ್ಲಿವೆ, ಅವಕ್ಕೇನೂ ಆಗುವುದಿಲ್ಲ.

ಬೈತಖೋಲ್, ಕಾರವಾರ · ಸೋಮವಾರ ರಾತ್ರಿ

ಅಕ್ಕೋರೇ, ಫೈಲ್ ಯಾಕೆ ವಾಪಸ್ ಬರುತ್ತದೆ ಎಂದು ಇವತ್ತು ತಿಳಿಯಿತು. ಅಣ್ಣ, ಅವಸರದಲ್ಲಿ ಅಳಿಸಿ ಎಂದು ಹೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮೊದಲೇ ಜಾಗ ಎಷ್ಟಿದೆ ಎಂದು ಕೇಳಬೇಕಿತ್ತು.

ತೋಟದಮನೆ, ಶಿರಸಿ · ಬುಧವಾರ ಸಂಜೆ

ಬೇಸರ ಏನಿಲ್ಲ ತಮ್ಮಾ, ನೀನು ಅಳಿಸಲು ಹೇಳಿದ್ದರಿಂದಲೇ ಆ 0 ಬೈಟ್ ಕಣ್ಣಿಗೆ ಬಿತ್ತು.

ನಿನ್ನೆ ಕರೆಂಟೇ ಇರಲಿಲ್ಲ, ಇವತ್ತು ಮಾಡಿದೆ. ಒಂಬತ್ತು ಪ್ರತಿಗಳಿದ್ದವು, ಎಂಟು ಅಳಿಸಿದೆ. ಈಗ 41 ಜಿಬಿ ಖಾಲಿ. ಹೊಸ ಯೂಸರ್‌ನಲ್ಲಿ ಪ್ಯಾನೆಲ್ ತಕ್ಷಣ ಬಂತು. ಹೆಸರು ಬದಲಿಸಿ ನನ್ನ ಲಾಗಿನ್‌ಗೆ ಹೋದರೆ ಅಲ್ಲೂ ಬಂತು. ಎರಡು ಸಲ ರೀಸ್ಟಾರ್ಟ್ ಮಾಡಿದೆ, ಉಳಿದಿದೆ. ಅಪ್ಪಯ್ಯ ಬಂದು ಲೆಕ್ಕದ ಫೈಲ್ ತೆರೆದು ಕೊನೆಯ ಸಾಲಿನ ತನಕ ನೋಡಿಯೇ ಎದ್ದರು.

ಕನ್ನಡ ಕೀಬೋರ್ಡ್ ಮಾತ್ರ ಇನ್ನೂ ಗೊಂದಲ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕಗಪ ಎಂಬ ಕನ್ನಡ ವಿನ್ಯಾಸ ಹಾಕಿದ್ದೆ, ಬೇರೆ ಭಾಷೆ ಬರೆಯಲು ಇರುವ ಐಬಸ್ ಪ್ರೋಗ್ರಾಮ್‌ನಲ್ಲೂ ಕೆಜಿಪಿ ಎಂಬುದು ಇದೆ. ಒಮ್ಮೆ ಅದು, ಒಮ್ಮೆ ಇದು ಬರುತ್ತದೆ.

ಅಕ್ಕೋರು, ಕುಮಟಾ · ಬುಧವಾರ ರಾತ್ರಿ

ತುಂಬಾ ಖುಷಿಯಾಯಿತು. ಕೀಬೋರ್ಡ್‌ನಲ್ಲಿ ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಿ. ಎರಡೂ ಇದ್ದರೆ ಒಂದರ ಸೆಟ್ಟಿಂಗನ್ನು ಇನ್ನೊಂದು ಬದಲಿಸುತ್ತದೆ.

ಎರಡೂ ಕೆ. ಪಿ. ರಾವ್ ಅವರ ವಿನ್ಯಾಸವನ್ನೇ ಅನುಸರಿಸಿದವು, ಆದರೆ ನಡೆ ಬೇರೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಬರುವ ಕಗಪ ಒಂದು ಕೀಗೆ ಒಂದು ಅಕ್ಷರ ಕೊಡುತ್ತದೆ, ಹಿಂದೆ ಏನಿದೆ ಎಂದು ನೋಡುವುದಿಲ್ಲ. ಐಬಸ್‌ನ ಕೆಜಿಪಿ ನೋಡುತ್ತದೆ. ಅದೇ ಕೀ ಪದದ ಶುರುವಿನಲ್ಲಿ 'ಇ' ಆಗುತ್ತದೆ, 'ಕ' ಆದ ಮೇಲೆ ಒತ್ತಿದರೆ 'ಕಿ' ಆಗುತ್ತದೆ. ನುಡಿ ತಂತ್ರಾಂಶದಲ್ಲಿ ಬರೆದು ರೂಢಿ ಇದ್ದರೆ ಐಬಸ್ ಇಟ್ಟುಕೊಂಡು, ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಇಂಗ್ಲಿಷ್ ಒಂದನ್ನೇ ಬಿಡಿ.

ಐಕಾನ್ ವಿಷಯ: ನಿಮ್ಮ ಎಕ್ಸ್‌ಎಫ್‌ಸಿಇ 4.18ರಲ್ಲಿ ಐಕಾನ್ ಎಲ್ಲಿದೆ ಎಂಬುದನ್ನು ಒಂದೊಂದು ರೆಸಲ್ಯೂಶನ್‌ಗೆ ಬೇರೆ ಬೇರೆಯಾಗಿ ಬರೆದಿಡುತ್ತದೆ. ಮೊದಲು ಡಿಸ್‌ಪ್ಲೇ ಸರಿಮಾಡಿ, ಆಮೇಲೆ ಐಕಾನ್ ಜೋಡಿಸಿ.

ಆ ಹೊಸ ಯೂಸರ್ ಅಳಿಸುವುದು ಬೇಡ. ಅಡ್ಮಿನ್ ಹಕ್ಕು ತೆಗೆದು ಮಗಳಿಗೆ ಕೊಡಿ. ಅವಳ ಪ್ಯಾನೆಲ್, ಅವಳ ವಾಲ್‌ಪೇಪರ್ ಅವಳ ಫೋಲ್ಡರ್‌ನಲ್ಲಿರುತ್ತದೆ. ಅಲ್ಲಿ ಏನು ಬದಲಿಸಿದರೂ ಅಪ್ಪಯ್ಯನ ಲೆಕ್ಕದ ಕಡೆ ಏನೂ ಆಗುವುದಿಲ್ಲ.

ತೋಟದಮನೆ, ಶಿರಸಿ · ಗುರುವಾರ ಬೆಳಿಗ್ಗೆ

ಐಬಸ್ ಒಂದೇ ಇಟ್ಟೆ. ಇದನ್ನು ಅದರಲ್ಲೇ ಬರೆಯುತ್ತಿದ್ದೇನೆ, ಅಕ್ಕೋರೇ. ಮಗಳು ಬೆಳಿಗ್ಗೆಯೇ ತನ್ನ ಪ್ಯಾನೆಲನ್ನು ಎಡಗಡೆಗೆ ನಿಲ್ಲಿಸಿಕೊಂಡಿದ್ದಾಳೆ, ನಮ್ಮದು ಕೆಳಗೇ ಇದೆ.

ನಾಳೆ ಪೇಟೆಗೆ ಹೋಗುವಾಗ ಯುಪಿಎಸ್ ಬ್ಯಾಟರಿ ತರುತ್ತೇನೆ. ಹಳೆಯದರ ಮೇಲೆ 12 ವೋಲ್ಟ್, 7 ಎಎಚ್ ಎಂದಿದೆ. ಅದೇ ತಂದರೆ ಸಾಕಲ್ವಾ?

ಅಕ್ಕೋರು, ಕುಮಟಾ · ಗುರುವಾರ ಮಧ್ಯಾಹ್ನ

ಅದೇ ಸಾಕು. ಹಳೆಯದನ್ನು ಜೊತೆಗೆ ಒಯ್ಯಿರಿ, ಅಳತೆ ನೋಡಿ ಕೊಡುತ್ತಾರೆ. ಹಾಕುವ ಮೊದಲು ಯುಪಿಎಸ್ ಪ್ಲಗ್ ಗೋಡೆಯಿಂದ ತೆಗೆದಿಡಿ. ಕೆಂಪು ವೈರ್ ಪ್ಲಸ್‌ಗೆ, ಕಪ್ಪು ಮೈನಸ್‌ಗೆ.