ಭಾವನ ಫಾರ್ವರ್ಡ್‌ಗೂ ಪುಟ್ಟಿ ಸಿಟ್ಟಿಗೂ ಸೇರಿಸಿ ಒಂದೇ ಉತ್ತರ

ಎಲ್ರಿಗೂ ನಮಸ್ಕಾರ, ವಾಯ್ಸ್ ಮೆಸೇಜ್ ಕಳ್ಸಿದ್ರೆ ಅರ್ಧಕ್ಕೇ ಬಿಟ್ಬಿಡ್ತೀರ ಅಂತ ಗೊತ್ತು, ಅದಕ್ಕೆ ನಾನು ಮಾತಾಡ್ತಾ ಹೋಗ್ತೀನಿ ಫೋನೇ ಟೈಪ್ ಮಾಡ್ಕೊಳ್ಲಿ ಅಂತ ಬಿಟ್ಟಿದೀನಿ, ಎಲ್ಲಾದ್ರೂ ಕಾಗುಣಿತ ಕೆಟ್ಟಿದ್ರೆ ಅದು ಫೋನಿಂದು, ನಂದಲ್ಲ.

ಬೆಳಿಗ್ಗೆ ಭಾವ ಹಾಕಿದ್ರಲ್ಲ, ಸೂರ್ಯ ಹುಟ್ತಿರೋ ಫೋಟೋ ಮೇಲೆ "ಸದಾ ಪಾಸಿಟಿವ್ ಆಗಿರಿ, ರೋಗ ಹತ್ತಿರ ಸುಳಿಯದು, ಅಂದುಕೊಂಡಿದ್ದೆಲ್ಲಾ ಆಗುವುದು" ಅಂತ, ಅದರ ಕೆಳಗೆ ಪುಟ್ಟಿ "ದೊಡ್ಡಪ್ಪ, ಪಾಸಿಟಿವ್ ಆಗಿದ್ದೂ ಇದ್ದೂ ಸಾಕಾಯ್ತು, ಈ ಇಂಟರ್‌ವ್ಯೂನೂ ಹೋಯ್ತು, ನನ್ನ ಹಣೆಬರಹಾನೇ ಇಷ್ಟು, ಏನ್ ಮಾಡಿದ್ರೂ ಆಗಲ್ಲ" ಅಂತ ಬರೆದ್ಲು. ಅದಾದ್ಮೇಲೆ ನೋಡ್ತೀನಿ, ಸಾಲಾಗಿ ಕೈಮುಗಿಯೋ ಎಮೋಜಿ. ಮಗುಗೆ ಏನಾಯ್ತು, ಯಾವ ಕೆಲಸ, ಅವ್ರು ಏನಂದ್ರು ಅಂತ ಒಬ್ರಾದ್ರೂ ಕೇಳಿದೀರಾ? ಸುಮ್ನೆ ಕೈ ಮುಗಿದು ಮುಂದಕ್ಕೆ ಹೋದ್ರಿ. ಇರ್ಲಿ ಬಿಡಿ.

ಭಾವ, ತಪ್ಪು ತಿಳ್ಕೋಬೇಡಿ, ನಾನೂ ಪಾಸಿಟಿವ್ ಪಾರ್ಟಿನೇ. ಆದ್ರೆ ನಾನು ಓದಿದ್ದು ಸೈಕಾಲಜಿ, ಮಾಡ್ತಿರೋದು ಅಕೌಂಟ್ಸು, ಹಾಗಾಗಿ ಇಂಥ ವಿಷಯ ಬಂದ್ರೆ ಬಾಯಿ ಸುಮ್ನಿರಲ್ಲ, ಅಷ್ಟು ದುಡ್ಡು ಕೊಟ್ಟು ಓದ್ಸಿದ್ದಕ್ಕೆ ಎಲ್ಲಾದ್ರೂ ಉಪಯೋಗ ಆಗ್ಬೇಕಲ್ಲ.

ಪುಟ್ಟಿ, ಮೊದ್ಲು ನಿನ್ನ ಮೆಸೇಜಿಗೇ ಬರ್ತೀನಿ. ಆಗಿದ್ದೇನು? ಒಂದು ಕಂಪನಿಯವರು ಒಂದು ಕೆಲಸಕ್ಕೆ ಬೇರೆ ಯಾರನ್ನೋ ತಗೊಂಡ್ರು. ನೀನು ಬರೆದಿದ್ದೇನು? "ಹಣೆಬರಹ", "ಏನ್ ಮಾಡಿದ್ರೂ", "ಆಗಲ್ಲ". ಒಂದು ದಿನದ ವಿಷಯಾನ ಎಳೆದು ಎಳೆದು ಇಡೀ ಜನ್ಮಕ್ಕೆ ಹೊದಿಸ್ಬಿಟ್ಟೆ ಕಣೆ. ನಿನ್ನ ಬೇಜಾರು ಸುಳ್ಳು ಅಂತ ಹೇಳ್ತಿಲ್ಲ, ಬೇಜಾರಾಗ್ಲೇಬೇಕು, ಅಷ್ಟು ತಯಾರಿ ಮಾಡ್ಕೊಂಡು ಹೋಗಿ ಸಿಗ್ಲಿಲ್ಲ ಅಂದ್ರೆ ಯಾರಿಗಾದ್ರೂ ಹೊಟ್ಟೆ ಉರಿಯತ್ತೆ, ಎರಡು ದಿನ ಯಾರ ಹತ್ರನೂ ಮಾತಾಡ್ಬೇಡ ಬೇಕಾದ್ರೆ. ನಾನು ನೋಡ್ತಿರೋದು ಆ ಬೇಜಾರಿಗೆ ನೀನು ಕೊಟ್ಕೊಳ್ತಿರೋ ಕಾರಣ.

ಮಾರ್ಟಿನ್ ಸೆಲಿಗ್‌ಮನ್ ಅಂತ ಅಮೆರಿಕದ ಸೈಕಾಲಜಿಸ್ಟ್ ಒಬ್ರು, ಅವ್ರೂ ಸ್ಟೀವನ್ ಮೇಯರ್ ಅನ್ನೋರೂ ಸೇರಿ 1967ರಲ್ಲಿ ಒಂದು ಪ್ರಯೋಗ ಪ್ರಕಟ ಮಾಡಿದ್ರು, ಕೇಳೋಕೆ ಕಷ್ಟ ಆಗತ್ತೆ, ನಾಯಿಗಳಿಗೆ ಶಾಕ್ ಕೊಡೋದು, ಅವು ಏನ್ ಮಾಡಿದ್ರೂ ನಿಲ್ಲದೇ ಇರೋ ಥರದ ಶಾಕ್. ಆಮೇಲೆ ಅದೇ ನಾಯಿಗಳನ್ನ ಬೇರೆ ಪೆಟ್ಟಿಗೇಲಿ ಬಿಟ್ರು, ಅಲ್ಲಿ ನಡುವೆ ಒಂದು ಗಿಡ್ಡ ತಡೆ, ಅದನ್ನ ಹಾರಿ ಆಚೆ ಹೋದ್ರೆ ಶಾಕ್ ಇಲ್ಲ. ಬೇರೆ ನಾಯಿಗಳು ಬೇಗ ಕಲಿತು ಹಾರ್ಕೊಂಡು ಹೋದ್ವು. ಮೊದ್ಲು ಏಟು ತಿಂದಿದ್ದವುಗಳಲ್ಲಿ ತುಂಬಾ ನಾಯಿಗಳು ಹಾರೋ ಪ್ರಯತ್ನಾನೇ ಬಿಟ್ಟು ಸುಮ್ನೆ ಕೂತು ಅನುಭವಿಸಿದ್ವು. ಏನ್ ಮಾಡಿದ್ರೂ ಆಗಲ್ಲ ಅನ್ನೋದನ್ನ ಅವು ಕಲಿತುಬಿಟ್ಟಿವೆ ಅಂತ ಇವ್ರು ಆಗ ಅರ್ಥ ಮಾಡಿದ್ರು, ಪಾಠದಲ್ಲೂ ನಮಗೆ ಹಾಗೇ ಹೇಳಿಕೊಟ್ಟಿದ್ದು.

ಈಗ ಮಜಾ ಕೇಳಿ. ಅದೇ ಇಬ್ರು ಸುಮಾರು ಐವತ್ತು ವರ್ಷ ಆದ್ಮೇಲೆ, 2016ರಲ್ಲಿ, ಮೆದುಳಿನ ಬಗ್ಗೆ ಆಗಿರೋ ಕೆಲಸ ಎಲ್ಲಾ ಮುಂದಿಟ್ಕೊಂಡು ನಾವು ಹೇಳಿದ್ದು ತಲೆಕೆಳಗಾಗಿತ್ತು ಅಂತ ಬರೆದ್ರು. ಕೆಟ್ಟದ್ದು ತುಂಬಾ ಹೊತ್ತು ನಡೀತಾನೇ ಇದ್ರೆ ಕೈಚೆಲ್ಲಿ ಕೂರೋದು ಜೀವಕ್ಕೆ ತಾನಾಗೇ ಬರೋ ಗುಣ, ಅದನ್ನ ಯಾರೂ ಕಲಿಬೇಕಾಗಿಲ್ಲ, ಕಲಿಬೇಕಾಗಿರೋದು "ಇಲ್ಲಿ ನನ್ನ ಕೈಲಿ ಏನೋ ಒಂದಿದೆ" ಅನ್ನೋದನ್ನ, ಅದನ್ನ ಕಲಿತ ಮೆದುಳು ಆ ಸುಮ್ನೆ ಕೂರೋ ಗುಣಾನ ಅದುಮಿ ಇಡತ್ತೆ ಅಂತ. ನನಗಂತೂ ಇದು ಯಾವ ಸೂರ್ಯೋದಯದ ಫೋಟೋಗಿಂತ ಜಾಸ್ತಿ ಸಮಾಧಾನ ಕೊಡ್ತು. ಯಾಕಂದ್ರೆ ನೀನು ಕುಸಿದು ಕೂತಿರೋದು ನಿನ್ನ ಗುಣದ ದೋಷ ಅಲ್ಲ, ಯಾರಾದ್ರೂ ಹಾಗೇ ಕೂರ್ತಾರೆ, ಇನ್ನೊಂದನ್ನ ಅಭ್ಯಾಸ ಮಾಡ್ಕೋಬೇಕು ಅಷ್ಟೇ.

ಆ ಅಭ್ಯಾಸ ಇರೋದು ಕಾರಣ ಹೇಳ್ಕೊಳ್ಳೋ ರೀತೀಲಿ. ಏನಾದ್ರೂ ಕೆಟ್ಟಿತು ಅಂದ್ರೆ ಕೆಲವ್ರು "ಯಾವಾಗ್ಲೂ ಹೀಗೇ", "ಎಲ್ಲಾ ಹೀಗೇ", "ನಾನೇ ಹೀಗೆ" ಅಂತಾರೆ, ಇನ್ನು ಕೆಲವ್ರು "ಈ ಸಲ ಇದು ಹೀಗಾಯ್ತು" ಅಂತಾರೆ. ಇಷ್ಟೇ ವ್ಯತ್ಯಾಸ, ಆದ್ರೆ ಇದರಿಂದ ಜೀವನ ಎಷ್ಟು ಬದಲಾಗತ್ತೆ ಅಂದ್ರೆ, ಸೆಲಿಗ್‌ಮನ್ ಅವ್ರು 1986ರಲ್ಲಿ ಇನ್ನೊಬ್ರ ಜೊತೆ ಸೇರಿ ಲೈಫ್ ಇನ್ಶೂರೆನ್ಸ್ ಮಾರೋ ಏಜೆಂಟ್‌ಗಳ ಮೇಲೆ ಇದನ್ನ ನೋಡಿದ್ರು. ಪಾಪ ಅವ್ರಿಗೆ ದಿನ ಬೆಳಗಾದ್ರೆ "ಬೇಡ" ಅನ್ನಿಸ್ಕೊಳ್ಳೋದೇ ಕೆಲಸ. ಎರಡನೇ ಥರ ಯೋಚ್ನೆ ಮಾಡೋರು ಜಾಸ್ತಿ ಪಾಲಿಸಿ ಮಾರಿದ್ರು, ಕೆಲಸ ಬಿಟ್ಟು ಹೋಗಿದ್ದೂ ಕಮ್ಮಿ.

ನಮ್ಮ ಆಫೀಸಲ್ಲೇ ಮೊನ್ನೆ ಆಯ್ತು. ಆಡಿಟರ್ ಕಡೆಯಿಂದ ಎರಡು ಫೈಲ್ ವಾಪಸ್ ಬಂತು, ಎರಡರಲ್ಲೂ ಪುಟಗಟ್ಟಲೆ ಕೆಂಪು ಗುರುತು. ನಮ್ಮ ಹುಡುಗ ಒಬ್ಬ ನೋಡಿದ್ದೇ ತಡ "ನಂಗೆ ಲೆಕ್ಕಾನೇ ಬರಲ್ಲ ಮೇಡಂ, ನಾನು ಈ ಲೈನಿಗೆ ಬರಬಾರದಿತ್ತು" ಅಂತ ಟೇಬಲ್ ಮೇಲೆ ತಲೆ ಇಟ್ಕೊಂಡ. ಪಕ್ಕದ ಸೀಟಿನ ಹುಡುಗಿ ಮುಖಾನೂ ಸಪ್ಪಗಾಗಿತ್ತು, ಬೈಕೊಂಡೇ ಒಂದೊಂದು ಪುಟ ತಿರುಗಿಸಿದ್ಲು, ಆಮೇಲೆ ನೋಡಿದ್ರೆ ಅಷ್ಟೂ ಕೆಂಪು ಗುರುತು ಒಂದೇ ಕಾಲಂನಿಂದ ಹುಟ್ಟಿದ್ದು, ಅಲ್ಲಿ ಫಾರ್ಮುಲಾ ಒಂದು ಸಾಲು ಕೆಳಗೆ ಜಾರಿತ್ತು. ಅರ್ಧ ಗಂಟೇಲಿ ಸರಿ ಮಾಡಿ ಕಳ್ಸಿದ್ಲು. ಅವನ ಫೈಲಲ್ಲೂ ಅಂಥದ್ದೇ ಇತ್ತು, ಅವನು ತೆಗೆದು ನೋಡಿದ್ದು ಮಾರನೇ ದಿನ. ಆ ಹುಡುಗಿ ನಗ್ತಾ ಇರ್ಲಿಲ್ಲ, ಗೋಡೆ ಮೇಲೆ ಒಳ್ಳೊಳ್ಳೆ ಮಾತು ಅಂಟಿಸ್ಕೊಂಡಿರೋಳೂ ಅಲ್ಲ. ಪುಟ ತಿರುಗಿಸಿದ್ಲು ಅಷ್ಟೇ. ನನ್ನ ಲೆಕ್ಕದಲ್ಲಿ ಪಾಸಿಟಿವ್ ಅಂದ್ರೆ ಅದು.

ನಗೋದ್ರ ಬಗ್ಗೆ ಇನ್ನೊಂದು, ನಕ್ಕರೆ ಸಾಕು ಮನಸ್ಸೂ ತಾನಾಗೇ ಖುಷಿಯಾಗತ್ತೆ ಅಂತಾರಲ್ಲ, 1988ರಲ್ಲಿ ಹಲ್ಲಲ್ಲಿ ಪೆನ್ನು ಕಚ್ಚಿಸಿ ಮಾಡಿದ ಪ್ರಯೋಗ ಇತ್ತು, ಕಚ್ಚಿಕೊಂಡಾಗ ನಗು ಬಂದ ಹಾಗೆ ಮುಖ ಆಗತ್ತಲ್ಲ, ಹಾಗಿದ್ದೋರಿಗೆ ಕಾರ್ಟೂನ್ ಜಾಸ್ತಿ ತಮಾಷೆ ಅನ್ನಿಸ್ತು ಅಂತ. 2016ರಲ್ಲಿ 17 ಲ್ಯಾಬ್‌ಗಳು ಸೇರಿ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಬರ್ಲಿಲ್ಲ. ಹಾಗಾಗಿ ಬಲವಂತಕ್ಕೆ ಹಲ್ಲು ಕಿರಿಯೋ ಅವಶ್ಯಕತೆ ಇಲ್ಲ ಯಾರಿಗೂ.

ಈಗ ರೋಗದ ವಿಷಯ. ಭಾವ, ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ನಮ್ಮ ಅತ್ತೆ ಕೊನೇ ದಿನಗಳಲ್ಲಿ ಮಲಗಿದ್ದಾಗ ಬಂದೋರೆಲ್ಲ ಹಾಸಿಗೆ ಪಕ್ಕ ಕೂತು "ಧೈರ್ಯವಾಗಿರಿ, ಪಾಸಿಟಿವ್ ಆಗಿ ಯೋಚ್ನೆ ಮಾಡಿ, ಎಲ್ಲಾ ಮನಸ್ಸಿನ ಮೇಲಿರೋದು" ಅಂತ ಹೇಳಿ ಹೋಗ್ತಿದ್ರು. ಒಳ್ಳೇ ಮನಸ್ಸಿಂದಾನೇ ಹೇಳಿದ್ದು, ಯಾರನ್ನೂ ದೂರ್ತಿಲ್ಲ. ಒಂದಿನ ಎಲ್ರೂ ಎದ್ದು ಹೋದ್ಮೇಲೆ ಅವ್ರು ನನ್ನ ಕರೆದು ಮೆಲ್ಲಗೆ ಕೇಳಿದ್ರು, "ಹಾಗಾದ್ರೆ ನಾನು ಸರಿಯಾಗಿ ಯೋಚ್ನೆ ಮಾಡ್ಲಿಲ್ಲ ಅಂತ್ಲೇನೇ ಇದು ಬಂದಿದ್ದು?" ಅಂತ. ನಂಗೆ ಗಂಟಲು ಕಟ್ಕೊಂಡ್ಬಿಡ್ತು. ಅಷ್ಟು ನೋವಿನ ಮೇಲೆ ಇದೊಂದು ಹೊರೆ ಬೇರೆ ಬೇಕಿತ್ತಾ ಅವ್ರಿಗೆ?

2007ರಲ್ಲಿ ತಲೆ ಮತ್ತೆ ಕುತ್ತಿಗೆ ಭಾಗದ ಕ್ಯಾನ್ಸರ್ ಇದ್ದ 1,093 ಜನರ ಮೇಲೆ ಆದ ಅಧ್ಯಯನ ಪ್ರಕಟ ಆಯ್ತು, ಅವರ ಮನಸ್ಸು ಎಷ್ಟು ಚೆನ್ನಾಗಿತ್ತು ಅನ್ನೋದಕ್ಕೂ ಎಷ್ಟು ದಿನ ಬದುಕಿದ್ರು ಅನ್ನೋದಕ್ಕೂ ಸಂಬಂಧ ಕಾಣಿಸ್ಲಿಲ್ಲ. 2015ರಲ್ಲಿ ಬ್ರಿಟನ್ನಲ್ಲಿ 7 ಲಕ್ಷಕ್ಕೂ ಜಾಸ್ತಿ ಹೆಂಗಸರ ಲೆಕ್ಕ ನೋಡಿದ್ರು, ಅಲ್ಲೂ ಖುಷಿಯಾಗಿರೋರು ಜಾಸ್ತಿ ಬದುಕ್ತಾರೆ ಅಂತ ಮೇಲ್ನೋಟಕ್ಕೆ ಕಂಡಿದ್ದು, ಮೊದ್ಲೇ ಇದ್ದ ಕಾಯಿಲೆ, ಸಿಗರೇಟು ಇಂಥದ್ದನ್ನೆಲ್ಲಾ ಕಳೆದು ನೋಡಿದ್ಮೇಲೆ ಉಳೀಲೇ ಇಲ್ಲ. ಕಾಯಿಲೆ ಇದ್ದೋರು ಸಪ್ಪಗಿರ್ತಾರೆ, ಸಪ್ಪಗಿದ್ದಿದ್ದಕ್ಕೆ ಸಾಯಲ್ಲ. ಹಾಗಂತ ಮನಸ್ಸಿಗೂ ಮೈಗೂ ಸಂಬಂಧಾನೇ ಇಲ್ಲ ಅಂತಲೂ ಅಲ್ಲ. 2003ರಲ್ಲಿ ಶೆಲ್ಡನ್ ಕೋಹೆನ್ ಅನ್ನೋರು 334 ಜನ ಆರೋಗ್ಯವಾಗಿರೋರನ್ನ ಒಪ್ಪಿಸಿ ಅವರ ಮೂಗಿಗೆ ನೆಗಡಿ ವೈರಸ್ ಹನಿ ಹಾಕಿ ಬೇರೆ ಬೇರೆ ಇಟ್ಟು ನೋಡಿದ್ರು, ಮೊದ್ಲಿಂದ ಗೆಲುವಾಗಿ ಇರ್ತಿದ್ದೋರಿಗೆ ನೆಗಡಿ ಹಿಡಿದಿದ್ದು ಕಮ್ಮಿ. ಅದು ನೆಗಡಿ ಭಾವ, ನೆಗಡಿ. ದೊಡ್ಡ ಕಾಯಿಲೆಗೆ ಡಾಕ್ಟರು ಮಾತ್ರೆನೇ ಗತಿ. ಅಲ್ಲಿ ಮನಸ್ಸು ಮಾಡೋ ಉಪಕಾರ ಏನಂದ್ರೆ, ನನ್ನ ಕೈಲಿ ಸ್ವಲ್ಪನಾದ್ರೂ ಇದೆ ಅನ್ಕೊಂಡೋರು ಮಾತ್ರೆ ಟೈಮಿಗೆ ತಗೋತಾರೆ, ಡಾಕ್ಟರ್ ಹತ್ರ ನಾಚ್ಕೊಳ್ದೆ ಪ್ರಶ್ನೆ ಕೇಳ್ತಾರೆ, ನಾಲ್ಕು ಹೆಜ್ಜೆ ನಡೀತಾರೆ, ಯಾರಿಗಾದ್ರೂ ಫೋನ್ ಮಾಡ್ತಾರೆ. ಅಷ್ಟೇ ದೊಡ್ಡ ಉಪಕಾರ ಅಲ್ವಾ ಅದು. ಇನ್ಮೇಲೆ ಯಾರಾದ್ರೂ ಮಲಗಿದ್ರೆ ದಯವಿಟ್ಟು ಪಾಸಿಟಿವ್ ಆಗಿರಿ ಅನ್ನೋ ಬದ್ಲು ರಾತ್ರಿ ನಾನು ಕೂತಿರ್ತೀನಿ ನೀವು ಮನೆಗೆ ಹೋಗಿ ನಿದ್ದೆ ಮಾಡಿ ಅಂತ ಜೊತೇಲಿರೋರಿಗೆ ಹೇಳಿ.

"ಅಂದುಕೊಂಡಿದ್ದೆಲ್ಲಾ ಆಗುವುದು" ಅಂತಿದೆಯಲ್ಲ, ಇದು ಪುಟ್ಟಿಗೆ ಸಂಬಂಧಪಟ್ಟಿದ್ದು. ಗಾಬ್ರಿಯೆಲಾ ಒಟ್ಟಿಂಗನ್ ಅಂತ ಜರ್ಮನ್ ಸೈಕಾಲಜಿಸ್ಟ್, ಅವ್ರು ಇನ್ನೊಬ್ರ ಜೊತೆ 2002ರಲ್ಲಿ ಪ್ರಕಟಿಸಿದ್ದು, ಓದು ಮುಗಿಸಿ ಕೆಲಸ ಹುಡುಕ್ತಿರೋ ಹುಡುಗ ಹುಡುಗಿಯರ ಮೇಲೆ. ಒಳ್ಳೇ ಕೆಲಸ ಸಿಕ್ಕಿದೆ, ಕ್ಯಾಬಿನ್ನಲ್ಲಿ ಕೂತಿದೀನಿ ಅಂತ ಹಗಲುಗನಸು ಜಾಸ್ತಿ ಕಂಡೋರು ಎರಡು ವರ್ಷ ಆದ್ಮೇಲೆ ನೋಡಿದ್ರೆ ಅರ್ಜಿ ಹಾಕಿದ್ದೇ ಕಮ್ಮಿ, ಸಿಕ್ಕ ಆಫರೂ ಕಮ್ಮಿ, ಸಂಬಳಾನೂ ಕಮ್ಮಿ. ಅದೇ "ನಂಗೆ ಸಿಗೋ ಸಾಧ್ಯತೆ ಇದೆ" ಅಂತ ಲೆಕ್ಕಾಚಾರದ ನಂಬಿಕೆ ಇದ್ದೋರಿಗೆ ಒಳ್ಳೇದಾಯ್ತು. ಕನಸಲ್ಲೇ ಉಂಡು ಕೈ ತೊಳ್ಕೊಂಡ್ರೆ ಎಚ್ಚರ ಆದಾಗ ಒಲೆ ಹಚ್ಚೋಕೆ ಯಾರಿಗೆ ಮನಸ್ಸು ಬರತ್ತೆ ಹೇಳಿ.

ಅದಕ್ಕೆ ಅವ್ರು ಹೇಳೋ ದಾರಿ ನಂಗೆ ಇಷ್ಟ. ಏನು ಬೇಕು ಅಂತ ಅಂದ್ಕೋ, ತಕ್ಷಣ ಅದಕ್ಕೆ ನಿನ್ನೊಳಗಿಂದ ಏನು ಅಡ್ಡ ಬರತ್ತೆ ಅಂತಲೂ ನೋಡ್ಕೋ, ಆ ಅಡ್ಡ ಬಂದಾಗ ಏನ್ ಮಾಡ್ತೀನಿ ಅಂತ ಮೊದ್ಲೇ ತೀರ್ಮಾನ ಮಾಡಿಟ್ಕೋ. ಪುಟ್ಟಿ, ನಿಂಗೆ ಅಡ್ಡ ಬರೋದು ಏನು ಅಂತ ನಂಗೆ ಗೊತ್ತು, ನಿಮ್ಮಮ್ಮ ಹೇಳಿದ್ಲು, ಬೈಬೇಡ ಅವಳನ್ನ. ವಿಷಯ ಎಲ್ಲಾ ಗೊತ್ತಿರತ್ತೆ, ಎದುರಿಗೆ ಮೂರು ಜನ ಕೂತು "ನಿಮ್ಮ ಬಗ್ಗೆ ಹೇಳಿ" ಅಂದ ತಕ್ಷಣ ಬಾಯಿ ಒಣಗತ್ತೆ. ನೋಡು, "ಹಣೆಬರಹ" ಅಂತ ಬರೆದಿದ್ದು ಇಷ್ಟಕ್ಕೆ ಇಳೀತು, ಮೊದಲ ಎರಡು ನಿಮಿಷ. ಹಣೆಬರಹಕ್ಕೆ ಯಾರೂ ಏನೂ ಮಾಡೋಕಾಗಲ್ಲ, ಎರಡು ನಿಮಿಷಕ್ಕೆ ಮಾಡ್ಬಹುದು. ಆ ಎರಡು ನಿಮಿಷದ ಮಾತು ಬರ್ಕೊಂಡು ಕನ್ನಡಿ ಮುಂದೆ ಬೇಡ, ಮನುಷ್ಯರ ಮುಂದೆ ಹೇಳು, ನಾನಿದೀನಿ, ವಿಡಿಯೋ ಕಾಲ್ ಮಾಡು, ಚಿಕ್ಕಪ್ಪನ್ನೂ ಕೂರಿಸ್ತೀನಿ, ಅವ್ರ ಮುಖ ನೋಡಿದ್ರೆ ಎಂಥ ಇಂಟರ್‌ವ್ಯೂ ಪ್ಯಾನೆಲ್ಲೂ ಸೌಮ್ಯ ಅನ್ಸತ್ತೆ. ಮತ್ತೆ ಆ ಕಂಪನಿಯವರಿಗೆ ಒಂದು ಮೇಲ್ ಹಾಕು, ಎಲ್ಲಿ ಕಮ್ಮಿಯಾಯ್ತು ಅಂತ ಮರ್ಯಾದೆಯಾಗಿ ಕೇಳು, ಉತ್ತರ ಬರದೇ ಇರಬಹುದು, ಬಂದ್ರೆ ಲಾಭ. ಬೇರೆಯವ್ರಿಗೆ ಅನುಭವ ಜಾಸ್ತಿ ಇತ್ತು ಅಂತ ಬಂದ್ರೆ ಅದನ್ನ ನಂಬು, ಎಲ್ಲಾದಕ್ಕೂ ನಿನ್ನ ತಲೆಗೇ ಕಟ್ಕೋಬೇಡ.

ಇವತ್ತು ಬೇಡ ಅನ್ಸಿದ್ರೆ ಬೇಡ. ಶನಿವಾರ ಸಾಯಂಕಾಲ ನಾನು ಫ್ರೀ, ಏಳು ಗಂಟೆ ಮೇಲೆ ಮಾಡು. ಭಾವ, ನೀವೂ ಸೇರ್ಕೊಳ್ಳಿ, ಪ್ರಶ್ನೆ ಕೇಳೋಕೆ ಒಬ್ರು ಕಮ್ಮಿ ಇದಾರೆ.