‘ಒಳಸೋರಿಕೆ’ ಎಂದರೆ ಒಳಗೊಳಗೇ ಸೋರುವುದೋ, ಒಳಕ್ಕೆ ಸೋರುವುದೋ?

ಹಳೆಯ ಮೋಟಾರ್ ಗ್ರೇಡರ್ (ರಸ್ತೆ ಮಟ್ಟ ಮಾಡುವ ಯಂತ್ರ), ವೀಲ್ ಲೋಡರ್‌ಗಳ (ಮಣ್ಣು, ಜಲ್ಲಿ ಎತ್ತಿ ತುಂಬುವ ಯಂತ್ರ) ಪವರ್ ಸ್ಟೀರಿಂಗ್, ಅಂದರೆ ಎಣ್ಣೆಯ ಒತ್ತಡದ ನೆರವಿನಿಂದ ತಿರುಗುವ ಸ್ಟೀರಿಂಗಿನ ರಿಪೇರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪಂಪು, ವಾಲ್ವು, ಹೋಸು, ಸೀಲುಗಳಿಗೆ ಹೊಸ ಪದ ಕಟ್ಟುವ ಉಸಾಬರಿಗೆ ಹೋಗಿಲ್ಲ. ಸ್ಪ್ಯಾನರ್ ಹಿಡಿಯುವವರ ಬಾಯಲ್ಲಿರುವ ಹೆಸರೇ ಸಾಕು. ಸತಾಯಿಸುತ್ತಿರುವುದು ಕ್ರಿಯಾಪದಗಳು, ಅದರಲ್ಲೂ ಎಣ್ಣೆ ಸೋರುವುದಕ್ಕೆ ಸಂಬಂಧಿಸಿದವು.

ಹೊರಗೆ ಸೋರುವುದಕ್ಕೆ ನಮ್ಮಲ್ಲಿ ಪದಗಳ ಬಡತನವಿಲ್ಲ. ಸಿಲಿಂಡರಿನ ರಾಡ್ ಸುತ್ತ ಪಸೆ ಕಾಣಿಸಿ, ಅದಕ್ಕೆ ಧೂಳು ಮೆತ್ತಿಕೊಂಡು, ಹನಿ ಮಾತ್ರ ಕಟ್ಟದಿದ್ದರೆ ‘ಒಸರುತ್ತಿದೆ’. ಹನಿ ಕಟ್ಟಿ ಬಿದ್ದರೆ ‘ತೊಟ್ಟಿಕ್ಕುತ್ತಿದೆ’. ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಾಗಿದ್ದರೆ ‘ಚಿಮ್ಮುತ್ತಿದೆ’. ಇದು ಬರೀ ಪದವಿಲಾಸವಲ್ಲ. ಒಸರಿದರೆ ಒರೆಸಿ ಕಣ್ಣಿಟ್ಟಿದ್ದರಾಯಿತು, ತೊಟ್ಟಿಕ್ಕಿದರೆ ಸೀಲ್ ಬದಲಿಸಬೇಕು, ಚಿಮ್ಮಿದರೆ ಎಂಜಿನ್ ಆಗಲೇ ನಿಲ್ಲಿಸಬೇಕು. ಚಿಮ್ಮುವ ಜಾಗವನ್ನು ಕೈಯಿಂದ ಸವರಿ ಹುಡುಕಲೇಬಾರದು: ಆ ಒತ್ತಡದ ಎಣ್ಣೆ ಚರ್ಮ ತೂರಿ ಒಳಹೋದರೆ ಗಾಯ ಚುಕ್ಕಿಯಷ್ಟೇ ಕಂಡರೂ ತುರ್ತು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. (‘ಜಿನುಗು’ ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಕೆಲವರಿಗೆ ಅದು ಒಸರುವುದು, ಕೆಲವರಿಗೆ ತೊಟ್ಟಿಕ್ಕುವುದು.)

ತೊಡಕು ಇರುವುದು ಹೊರಗೆ ಒಂದು ತೊಟ್ಟೂ ಕಾಣದ ಸೋರಿಕೆಯಲ್ಲಿ. ಸಿಲಿಂಡರಿನೊಳಗೆ ಪಿಸ್ಟನ್ನಿನ ಸೀಲ್ ಸವೆದರೆ ಎಣ್ಣೆ ಒತ್ತಡವಿರುವ ಬದಿಯಿಂದ ಆಚೆ ಬದಿಗೆ ದಾಟಿಕೊಳ್ಳುತ್ತದೆ. ಟ್ಯಾಂಕಿನ ಮಟ್ಟ ಇಳಿಯುವುದಿಲ್ಲ, ನೆಲ ಒದ್ದೆಯಾಗುವುದಿಲ್ಲ. ಪೂರ್ತಿ ಎಣ್ಣೆಯ ಮೇಲೇ ನಡೆಯುವ ಸ್ಟೀರಿಂಗ್ ಆದರೆ, ಫುಲ್ ಕಟ್ (ಒಂದು ಕಡೆಗೆ ತಿರುಗುವಷ್ಟೂ ತಿರುಗಿದ ಕೊನೆ) ಮುಟ್ಟಿದ ಮೇಲೂ ಚಾಲಕನ ಕೈಯಲ್ಲಿ ಸ್ಟೀರಿಂಗ್ ಮೆಲ್ಲಗೆ ಸುತ್ತುತ್ತಲೇ ಹೋಗುತ್ತದೆ. ತಪ್ಪು ಸಿಲಿಂಡರಿನದೇ ಎಂದು ಖಾತ್ರಿ ಮಾಡಿಕೊಳ್ಳುವ ದಾರಿ ಹೀಗೆ: ಒಂದು ಕಡೆಗೆ ಫುಲ್ ಕಟ್ ಮಾಡಿ, ಎಂಜಿನ್ ನಿಲ್ಲಿಸಿ, ಒತ್ತಡವಿಲ್ಲದ ಬದಿಯ ಹೋಸ್ ಕಳಚಿ, ಹೋಸಿನ ಬಾಯಿಗೆ ಬಿರಡೆ ಹಾಕಬೇಕು. ಆಮೇಲೆ ಎಂಜಿನ್ ಐಡ್ಲಿನಲ್ಲಿಟ್ಟು ಸ್ಟೀರಿಂಗನ್ನು ಅದೇ ಕಡೆಗೆ ಕೆಲವೇ ಸೆಕೆಂಡು ಒತ್ತಿ ಹಿಡಿಯಬೇಕು. ಸಿಲಿಂಡರಿನ ತೆರೆದ ಬಾಯಿಂದ ಎಣ್ಣೆ ಬಿಡದೆ ಬರುತ್ತಿದ್ದರೆ ಪಿಸ್ಟನ್ ಸೀಲ್ ಹೋಗಿದೆ. ಬರದಿದ್ದರೆ ವಾಲ್ವಿನ ಕಡೆ ನೋಡಬೇಕು.

ಇದನ್ನು ‘ಸಿಲಿಂಡರ್ ಸೋರುತ್ತಿದೆ’ ಎಂದು ಬರೆದರೆ ಓದಿದವರು ಬ್ಯಾಟರಿ ಹಿಡಿದು ಹೊರಗಡೆ ಒದ್ದೆ ಹುಡುಕುತ್ತಾರೆ. ‘ಸೋರು’ ಎಂದೊಡನೆ ನಮ್ಮ ಕಿವಿಗೆ ಪಾತ್ರೆಯಿಂದ ಹೊರಬೀಳುವುದೇ ಕೇಳಿಸುತ್ತದೆ. ಅದಕ್ಕೆ ‘ಒಳಸೋರಿಕೆ’ ಎಂದು ಹಾಕಿಕೊಂಡೆ. ಕರಡು ಓದಿದ ಗೆಳೆಯರೊಬ್ಬರು ಅದನ್ನು ಪಂಪಿನ ಅಧ್ಯಾಯಕ್ಕೆ ಸೇರಿಸಿ ಓದಿಕೊಂಡರು! ಅವರ ತರ್ಕ ಸರಿಯಾಗಿಯೇ ಇದೆ. ಅಣೆಕಟ್ಟಿನ ಸುದ್ದಿಯಲ್ಲಿ ‘ಒಳಹರಿವು’ ಎಂದರೆ ಒಳಕ್ಕೆ ಬರುವ ನೀರು. ಹಾಗಿದ್ದರೆ ಒಳಸೋರಿಕೆ ಎಂದರೆ ಒಳಕ್ಕೆ ಸೋರಿ ಬರುವುದು. ಪಂಪಿನ ಹೀರುವ ಬದಿಯಲ್ಲಿ ನಡೆಯುವುದು ಅದೇ: ಕ್ಲ್ಯಾಂಪ್ ಸಡಿಲವಿದ್ದರೆ ಅಲ್ಲಿ ಎಣ್ಣೆ ಹೊರಗೆ ಬರುವ ಬದಲು ಗಾಳಿ ಒಳಗೆ ಸೇರುತ್ತದೆ, ಟ್ಯಾಂಕಿನಲ್ಲಿ ನೊರೆ ಏಳುತ್ತದೆ, ಪಂಪು ಗೊರಗುಟ್ಟುತ್ತದೆ. ಒಂದೇ ಪದ ಎರಡು ರೋಗಕ್ಕೆ ಆಗಿಬರುವುದಿಲ್ಲ.

ಮೆಕ್ಯಾನಿಕ್‌ಗಳು ‘ಬೈಪಾಸ್ ಹೊಡೀತಿದೆ’ ಅನ್ನುತ್ತಾರೆ. ಮಾತಿಗೆ ಚೆನ್ನಾಗಿದೆ, ಆದರೆ ರಿಲೀಫ್ ವಾಲ್ವ್ ಕೂಡ ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಬೈಪಾಸ್ ಮಾಡಿ ಟ್ಯಾಂಕಿಗೆ ಕಳಿಸುತ್ತದೆ. ಅದು ಅದರ ಕೆಲಸ, ರೋಗವಲ್ಲ. ‘ಪ್ರೆಶರ್ ನಿಲ್ತಿಲ್ಲ’ ಎಂಬುದು ಲಕ್ಷಣ ಹೇಳುತ್ತದೆ, ಕಾರಣ ಹೇಳುವುದಿಲ್ಲ.

ನನ್ನ ಒಲವು ‘ನುಸುಳು’ ಕಡೆಗಿದೆ: ‘ಪಿಸ್ಟನ್ ಸೀಲ್ ದಾಟಿ ಎಣ್ಣೆ ನುಸುಳುತ್ತಿದೆ’. ಇಕ್ಕಟ್ಟಿನ ಸಂದಿ, ತಡೆಯಬೇಕಾದ್ದು ತಡೆಯದಿರುವುದು, ಕಣ್ಣಿಗೆ ಬೀಳದಿರುವುದು, ಮೂರೂ ಅದರಲ್ಲಿವೆ. ಆದರೆ ‘ಸೋರು’ ಕೊಡುವ ಒಂದು ಅನುಕೂಲ ಇದರಲ್ಲಿಲ್ಲ. ಎಣ್ಣೆಯೂ ಸೋರುತ್ತದೆ, ಡಬ್ಬವೂ ಸೋರುತ್ತದೆ. ನುಸುಳುವುದು ಮಾತ್ರ ಎಣ್ಣೆಯೇ, ಸೀಲ್ ನುಸುಳುವುದಿಲ್ಲ. ದೋಷಪಟ್ಟಿಯಲ್ಲಿ ಪ್ರತಿ ಸಾಲೂ ಬಿಡಿಭಾಗದ ಹೆಸರಿನಿಂದ ಶುರುವಾಗಬೇಕು, ಅಲ್ಲಿ ‘ಸೀಲ್ ಬಿಟ್ಟುಕೊಡುತ್ತಿದೆ’ ಅನ್ನಬಹುದೇ? ಸೀಲ್ ಸೋತು ಶರಣಾದಂತೆ ಕೇಳುತ್ತದೆಯೇ?

ಜೊತೆಗೆ ಇನ್ನೊಂದು. ಕಿಂಗ್‌ಪಿನ್ನಿಗೆ (ಮುಂಗಾಲಿ ಎಡಬಲಕ್ಕೆ ಹೊರಳುವಾಗ ಆಧಾರವಾಗುವ ಗೂಟ) ಗ್ರೀಸ್ ಇಲ್ಲದೆ ತಿರುಗದ ಸ್ಟೀರಿಂಗನ್ನು ‘ಬಿಗಿ’ ಎಂದೂ, ಪಂಪಿನ ನೆರವು ಸಾಲದೆ ತಿರುಗದ್ದನ್ನು ‘ಭಾರ’ ಎಂದೂ ಬೇರೆ ಮಾಡಿದ್ದೇನೆ. ಮುಂಗಾಲಿಗಳನ್ನು ಜಾಕ್ ಮೇಲೆತ್ತಿದಾಗ ಭಾರದ್ದು ಹಗುರಾಗುತ್ತದೆ, ಬಿಗಿಯಾದದ್ದು ಬಿಗಿಯಾಗಿಯೇ ಇರುತ್ತದೆ. ಓದುವವರು ಈ ವ್ಯತ್ಯಾಸವನ್ನು ವಿವರಣೆಯಿಲ್ಲದೆ ಹಿಡಿಯುತ್ತಾರೆಯೇ, ಅಥವಾ ಎರಡಕ್ಕೂ ‘ಟೈಟ್’ ಅನ್ನುವವರೇ ಹೆಚ್ಚೇ? ಯಂತ್ರದ ಹತ್ತಿರ ದುಡಿದವರು ತಾವು ಆಡುವ ಮಾತನ್ನೇ ತಿಳಿಸಿದರೆ ಹೆಚ್ಚು ಉಪಕಾರ.