ಆ ಲಾರಿ ನಿಧಾನವಾಗಿ ಹೋಗುವುದಕ್ಕೂ ಕಾರಣವಿದೆ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡುತ್ತಾ ಕೂರುವ ತಾಳ್ಮೆ ನನಗಿಲ್ಲ, ಬಾಯಲ್ಲೇ ಹೇಳಿಬಿಡುತ್ತೇನೆ. ಉದ್ದವಾಗುತ್ತದೆ, ಅಡುಗೆಮನೆಯಲ್ಲಿ ಇರುವವರು ಕೆಲಸ ಮಾಡುತ್ತಲೇ ಕೇಳಿ.

ಇಲ್ಲಿ ಇಂಗ್ಲೆಂಡಿನಲ್ಲಿ ನಾನು ರಿಪೇರಿ ಮಾಡುತ್ತಿರುವ ಹಳೆಯ ಬ್ರಿಟಿಷ್ ಲಾರಿ ಅಟ್ಕಿನ್ಸನ್‌ನ ವಿಡಿಯೋ ನೋಡಿ ತಮ್ಮ ಬರೆದಿದ್ದಾನೆ: "ಹಿಂದೆ ಕಾರುಗಳು ಸಾಲುಗಟ್ಟಿ ನಿಂತಿವೆ, ನಡೆದುಕೊಂಡು ಹೋದವನೇ ಮೊದಲು ಮುಟ್ಟುತ್ತಾನೆ. ಇದಕ್ಕಾಗಿ ಭಾನುವಾರವೆಲ್ಲ ಗ್ರೀಸ್ ಮೆತ್ತಿಕೊಳ್ಳುತ್ತೀಯಾ?" ಮಾವ ಕೇಳಿದ್ದು ಬೇರೆ: ಅವರ ಕಾಲದ ಕಾಮೆಟ್ ಲಾರಿಗೂ ಇಲ್ಲಿನವಕ್ಕೂ ಏನು ನಂಟು ಎಂದು. ಮೊದಲು ತಮ್ಮನ ಲೆಕ್ಕ ತೀರಿಸುತ್ತೇನೆ.

ನೋಡಪ್ಪ, ನಿಧಾನ ಎನ್ನುವುದು ಆ ಲಾರಿಯ ದೋಷವಲ್ಲ. 1957ರವರೆಗೆ ಬ್ರಿಟನ್ನಿನಲ್ಲಿ, ಖಾಲಿ ಇದ್ದಾಗಲೇ 3 ಟನ್ ಮೀರುವ ಲಾರಿ ಗಂಟೆಗೆ 20 ಮೈಲಿ ದಾಟುವಂತಿರಲಿಲ್ಲ. ನಮ್ಮ ಲೆಕ್ಕದಲ್ಲಿ 32 ಕಿಲೋಮೀಟರ್. ಆಮೇಲೆ ಅದನ್ನು 30 ಮೈಲಿಗೆ ಏರಿಸಿದರು. ಓಡಲು ಬಿಡದ ರಸ್ತೆಗೆ ಓಡುವ ಎಂಜಿನ್ ಯಾರು ಮಾಡುತ್ತಾರೆ? ಮ್ಯಾಂಚೆಸ್ಟರ್ ಬಳಿಯ ಪ್ಯಾಟ್ರಿಕ್ರಾಫ್ಟ್‌ನ ಗಾರ್ಡ್‌ನರ್ ಕಾರ್ಖಾನೆಯವರು 6ಎಲ್‌ಡಬ್ಲ್ಯು ಎಂಬ ಎಂಜಿನ್ ಮಾಡಿದರು. ಆರು ಸಿಲಿಂಡರ್, 8.4 ಲೀಟರ್, ನಿಮಿಷಕ್ಕೆ 1700 ಸುತ್ತಿನಲ್ಲಿ 112 ಅಶ್ವಶಕ್ತಿ. ನಿನ್ನ ಕಾರಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇರಬಹುದು. ಅಷ್ಟರಲ್ಲೇ ಲಾರಿ, ಸರಕು ಎಲ್ಲ ಸೇರಿ 22 ಟನ್ ಎಳೆಯಬೇಕು. ಎಳೆಯುತ್ತಿತ್ತು. ಡೀಸೆಲ್ ಹನಿ ಹನಿಯಾಗಿ ಕುಡಿಯುತ್ತಿತ್ತು, ಬಾಳಿಕೆಯಂತೂ ಕೇಳಬೇಡ. ಅಟ್ಕಿನ್ಸನ್, ಇಆರ್‌ಎಫ್, ಫೋಡೆನ್, ಸ್ಕ್ಯಾಮೆಲ್, ಎಲ್ಲರೂ ಆ ಎಂಜಿನ್ ಕೊಂಡು ತಮ್ಮ ಲಾರಿಗೆ ಕೂರಿಸಿದವರೇ.

ಈಗ ಗೇರಿನ ವಿಷಯ. ನಮ್ಮ ಶೆಡ್ಡಿಗೆ ಬರುವ ನಿವೃತ್ತ ಚಾಲಕರೊಬ್ಬರು ಆ ಕಾಲದಲ್ಲಿ ಲ್ಯಾಂಕಾಶೈರ್‌ನಿಂದ ಗ್ಲಾಸ್ಗೊಗೆ ಸರಕು ಹೊತ್ತವರು. ಅವರು ಗೇರ್ ಹಾಕುವುದನ್ನು ನೀವು ನೋಡಬೇಕು. ಕ್ಲಚ್ ತುಳಿದು ನ್ಯೂಟ್ರಲ್‌ಗೆ ತರುತ್ತಾರೆ, ಕ್ಲಚ್ ಬಿಡುತ್ತಾರೆ, ಸುಮ್ಮನೆ ಕೂರುತ್ತಾರೆ. ಗಾರ್ಡ್‌ನರ್‌ನ ಫ್ಲೈವೀಲ್, ಅಂದರೆ ಎಂಜಿನ್ ಜೊತೆ ತಿರುಗುವ ಗಾಲಿ, ಬಲು ಭಾರ; ಸುತ್ತು ಇಳಿಯಲು ಅದಕ್ಕೆ ಅದರದೇ ಸಮಯ ಬೇಕು. ಕಿವಿ ಒಪ್ಪಿದಾಗ ಮತ್ತೆ ಕ್ಲಚ್ ತುಳಿದು ಎರಡೇ ಬೆರಳಿನಲ್ಲಿ ಗೇರ್ ಕಡ್ಡಿ ದೂಡುತ್ತಾರೆ. ಸದ್ದಿಲ್ಲದೆ ಕೂರುತ್ತದೆ. ಅವಸರ ಮಾಡಿದರೆ ಹಲ್ಲು ಕಡಿದ ಸದ್ದು ಊರಿಗೆಲ್ಲ ಕೇಳುತ್ತದೆ. ಗೇರ್ ಇಳಿಸುವಾಗ ಇದರ ತಿರುಗುಮುರುಗು: ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ ಸುತ್ತು ಏರಿಸಬೇಕು.

ಸಮತಟ್ಟು ರಸ್ತೆಯಲ್ಲಿ ಇದು ವಿನೋದ. ಆ ಗ್ಲಾಸ್ಗೊ ದಾರಿಯಲ್ಲಿ, ಇಂಗ್ಲೆಂಡಿನ ಉತ್ತರದಲ್ಲಿರುವ ಶ್ಯಾಪ್ ಬೆಟ್ಟದಲ್ಲಿ ಅಲ್ಲ. ಕೆಂಡಲ್ ಊರು ದಾಟಿದ ಮೇಲೆ ಎ6 ರಸ್ತೆ ಸುಮಾರು 1,400 ಅಡಿ ಎತ್ತರಕ್ಕೆ ಏರುತ್ತದೆ. 1970ರಲ್ಲಿ ಈ ಭಾಗದ ಎಂ6 ಹೆದ್ದಾರಿ ತೆರೆಯುವವರೆಗೆ ಲ್ಯಾಂಕಾಶೈರ್ ಕಡೆಯಿಂದ ಸ್ಕಾಟ್ಲೆಂಡಿಗೆ ಹೋಗುವ ಸರಕೆಲ್ಲ ಬಹುಮಟ್ಟಿಗೆ ಆ ದಾರಿಯಲ್ಲೇ. ಏರಿನಲ್ಲಿ ಒಂದು ಗೇರ್ ತಪ್ಪಿದರೆ ಲಾರಿ ನಿಂತಿತು ಎಂದೇ ಅರ್ಥ. ಜೊತೆಗಿದ್ದವನು ಹಾರಿ ಇಳಿದು ಚಕ್ರಕ್ಕೆ ಮರದ ತುಂಡು ಕೊಡಬೇಕು. ನಮ್ಮ ಘಾಟಿಗಳಲ್ಲಿ ಕ್ಲೀನರ್ ಹುಡುಗ ಮಾಡುತ್ತಿದ್ದ ಕೆಲಸವೇ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಬಿಟ್ಟು ಡೀಸೆಲ್ ಉಳಿಸುವ ಖಯಾಲಿ ಇಲ್ಲಿಯವರಿಗೂ ಇತ್ತಂತೆ. ಅದನ್ನು ಆ ನಿವೃತ್ತ ಚಾಲಕರು ನಗುತ್ತಾ ಹೇಳುತ್ತಾರೆ, ನನಗೆ ನಗು ಬರುವುದಿಲ್ಲ.

ಚಳಿಗಾಲದಲ್ಲಿ ಡೀಸೆಲ್ ಮೇಣಗಟ್ಟುತ್ತಿತ್ತು. ಚಿಂದಿ ಬಟ್ಟೆಯನ್ನು ಡೀಸೆಲ್‌ನಲ್ಲಿ ಅದ್ದಿ ಹೊತ್ತಿಸಿ ಟ್ಯಾಂಕಿನ ಅಡಿಗೆ ಹಿಡಿಯುತ್ತಿದ್ದರು. ಹೌದು ಅಮ್ಮ, ಡೀಸೆಲ್ ಟ್ಯಾಂಕಿನ ಅಡಿಗೇ. ಕ್ಯಾಬಿನ್‌ನಲ್ಲಿ ಹೀಟರ್ ಇಲ್ಲ, ಎಂಜಿನ್ ಮುಚ್ಚಳದ ಬಿಸಿಯೇ ಗತಿ, ಕಾಲಿಗೆ ಗೋಣಿಚೀಲ. ಆ ಬೆಟ್ಟದ ನೆತ್ತಿಯಲ್ಲಿ ಈಗ ಒಂದು ಸ್ಮಾರಕ ಕಲ್ಲು ಇದೆ. ಚಾಲಕರ ಜೊತೆಗೆ, ಹಿಮದಲ್ಲಿ ಸಿಕ್ಕಿಬಿದ್ದವರಿಗೆ ಊಟ, ಆಶ್ರಯ ಕೊಟ್ಟ ಸುತ್ತಲಿನ ಜನರನ್ನೂ ಅದರಲ್ಲಿ ನೆನೆದಿದ್ದಾರೆ. ಹೆದ್ದಾರಿಯಲ್ಲಿ ಹೋಗುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಸದ್ದು ಬೇಕೆಂದರೆ ಕಾಮರ್ ಲಾರಿಗಳ ಟಿಎಸ್3 ಎಂಜಿನ್ ಕೇಳಬೇಕು. ಮೂರೇ ಸಿಲಿಂಡರ್, ಆದರೆ ಆರು ಪಿಸ್ಟನ್. ಒಂದೊಂದು ಸಿಲಿಂಡರಿನಲ್ಲಿ ಎರಡೆರಡು ಎದುರುಬದುರಾಗಿ ನುಗ್ಗಿ ಬರುತ್ತವೆ. ಸಿಲಿಂಡರ್ ಹೆಡ್ ಇಲ್ಲ, ವಾಲ್ವ್ ಇಲ್ಲ, ಎರಡೂ ಕಡೆಯ ಪಿಸ್ಟನ್ನುಗಳು ರಾಕರ್ ಎಂಬ ತೂಗುವ ಸನ್ನೆಗಳ ಮೂಲಕ ಕೆಳಗಿನ ಒಂದೇ ಕ್ರ್ಯಾಂಕ್ ದಂಡವನ್ನು ತಿರುಗಿಸುತ್ತವೆ. ಎರಡು ಸ್ಟ್ರೋಕಿನ ಡೀಸೆಲ್; ತಗಡಿನ ಮಳಿಗೆಯೊಳಗೆ ಜೋಡಿ ಡೋಲು ಬಾರಿಸಿದ ಹಾಗೆ ಅದರ ಅಬ್ಬರ. ಅದರ ಅಭಿಮಾನಿಗಳು ಬೇರೆಯೇ ಪಂಗಡ, ಗಾರ್ಡ್‌ನರ್ ಪಕ್ಷದವರ ಜೊತೆ ಅವರಿಗೆ ಆಗಿಬರುವುದಿಲ್ಲ. ನಾನು ಗಾರ್ಡ್‌ನರ್ ಪಕ್ಷ.

ಏಕೆಂದರೆ ರಿಪೇರಿ. ಇಂಧನದ ಪೈಪಿಗೆ ಗಾಳಿ ಹಿಡಿದರೆ ಗಾರ್ಡ್‌ನರ್ ಪಂಪಿನ ಪಕ್ಕದಲ್ಲಿ ಸಿಲಿಂಡರಿಗೊಂದರಂತೆ ಪುಟ್ಟ ಹಿಡಿಗಳಿವೆ. ಒಂದೊಂದನ್ನೇ ಬೆರಳಿನಿಂದ ಒತ್ತುತ್ತಾ ಹೋದರೆ ಗಾಳಿ ಹೋಗಿ ಡೀಸೆಲ್ ಬಂದದ್ದು ಬೆರಳಿಗೇ ಗೊತ್ತಾಗುತ್ತದೆ. ಲ್ಯಾಪ್‌ಟಾಪ್ ಜೋಡಿಸಬೇಕಿಲ್ಲ. ನಿಜವಾದ ತಲೆನೋವು ಎಂಜಿನ್ ಅಲ್ಲ, ಕ್ಯಾಬಿನ್. ಆ್ಯಶ್ ಮರದ ಚೌಕಟ್ಟಿಗೆ ಅಲ್ಯೂಮಿನಿಯಂ ಹಾಳೆ ಹೊಡೆದದ್ದು. ಲಾರಿಯ ತೂಕ ಇಳಿದಷ್ಟೂ ಸರಕು ಹೆಚ್ಚು ಎಂಬ ಲೆಕ್ಕ. ಹೊರಗಿನಿಂದ ಹಾಳೆ ಮಿರಿಮಿರಿ ಮಿಂಚುತ್ತದೆ, ಬಿಚ್ಚಿದರೆ ಬಾಗಿಲ ಕಂಬದ ಬುಡ ನೀರು ಕುಡಿದು ಬೆರಳಲ್ಲಿ ಉದುರುತ್ತದೆ. ಹೀಗಾಗಿ ಮೆಕ್ಯಾನಿಕ್ ಆಗಲು ಹೋದ ನಾನು ಈ ಚಳಿಗಾಲವೆಲ್ಲ ಬಡಗಿಯಾಗಿದ್ದೇನೆ.

ಮಾವ, ಈಗ ನಿಮ್ಮ ಪ್ರಶ್ನೆ. ನಂಟು ನೇರವಾಗಿಯೇ ಇದೆ. ಕಾಮೆಟ್ ಹುಟ್ಟಿದ್ದು ಇಲ್ಲೇ, ಲ್ಯಾಂಕಾಶೈರ್‌ನ ಲೇಲ್ಯಾಂಡ್ ಊರಿನಲ್ಲಿ, 1947ರಲ್ಲಿ. ಅದನ್ನು ಮಾಡಿದ ಲೇಲ್ಯಾಂಡ್ ಕಂಪನಿ ಮದರಾಸಿನ ಅಶೋಕ್ ಮೋಟಾರ್ಸ್ ಜೊತೆ ಕೈಜೋಡಿಸಿತು, 1955ರಲ್ಲಿ ಹೆಸರು ಅಶೋಕ್ ಲೇಲ್ಯಾಂಡ್ ಆಯಿತು. ಈಗಲೂ ಲೇಲ್ಯಾಂಡ್ ಊರಿನ ಕಿಂಗ್ ಸ್ಟ್ರೀಟ್‌ನಲ್ಲಿ ಬ್ರಿಟಿಷ್ ವಾಣಿಜ್ಯ ವಾಹನಗಳ ವಸ್ತುಸಂಗ್ರಹಾಲಯ ಇದೆ; ನೀವು ಬಂದಾಗ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ, ಲಂಡನ್ ಆಮೇಲೆ.

ಒಂದು ಕೆಲಸ ಮಾಡಿ ಮಾವ. ಅಟ್ಟದ ಮೇಲೆ ನಿಮ್ಮ ಹಳೆಯ ಸ್ಪ್ಯಾನರ್ ಪೆಟ್ಟಿಗೆ ಇದೆಯಲ್ಲ, ಅದನ್ನು ಗುಜರಿಗೆ ಹಾಕಬೇಡಿ. ಈ ಲಾರಿಗಳ ನಟ್ಟುಗಳು ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಇಂಚಿನ ಅಳತೆಯವು, ಇಂದಿನ ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದುಹೋಗುತ್ತದೆ. ಅದರಲ್ಲಿ ಅರ್ಧ ಇಂಚು ಎಂದರೆ ಬೋಲ್ಟಿನ ದಪ್ಪ, ಸ್ಪ್ಯಾನರಿನ ಬಾಯಿ ಅದಕ್ಕಿಂತ ಎಷ್ಟೋ ಅಗಲ. ಹಿಡಿಯ ಮೇಲೆ ಡಬ್ಲ್ಯು ಅಕ್ಷರ ಕೊರೆದಿದ್ದರೆ ಫೋಟೋ ತೆಗೆದು ಇಲ್ಲೇ ಹಾಕಿ. ತಮ್ಮ ಡಿಸೆಂಬರಿನಲ್ಲಿ ಬರುತ್ತಾನಲ್ಲ, ತೂಕ ಹೊರಲಿ.